ಒಂದು ಗಂಟೆಗೆ ನಿಂತ ಕೈ

ಮುನಿಶಾಮಿ ಇಪ್ಪತ್ತೆರಡು ವರ್ಷ ಚಿನ್ನದ ಗಣಿಯ ಹೊಟ್ಟೆಯೊಳಗೆ ಗಂಟೆ ಹೊಡೆದವನು. ನೆಲದಿಂದ ಅರ್ಧ ಮೈಲಿ ಕೆಳಗೆ, ಜನರನ್ನು ಇಳಿಸಿ ಏರಿಸುವ ಕಬ್ಬಿಣದ ಕೇಜು ಬಂದು ನಿಲ್ಲುವ ಕಟ್ಟೆಯೇ ಅವನ ಜಾಗ. ಮೂರು ಗಂಟೆ ಹೊಡೆದರೆ ಕೇಜಿನಲ್ಲಿ ಮನುಷ್ಯರಿದ್ದಾರೆ ಎಂದರ್ಥ, ಎರಡು ಹೊಡೆದರೆ ಇಳಿಸು ಎಂದರ್ಥ. ಓಡುತ್ತಿರುವ ಕೇಜಿಗೆ ಒಂದೇ ಒಂದು ಗಂಟೆ ಬಿತ್ತೋ, ಎಲ್ಲವೂ ಇದ್ದಲ್ಲೇ ನಿಲ್ಲಬೇಕು. ಎಪ್ಪತ್ತನಾಲ್ಕನೇ ಇಸವಿಯಲ್ಲಿ ಒಬ್ಬನ ಕಾಲು ಕೇಜಿಗೂ ಕಟ್ಟೆಗೂ ನಡುವೆ ಸಿಕ್ಕಿಕೊಂಡಾಗ ಮುನಿಶಾಮಿ ಹೊಡೆದ ಆ ಒಂದು ಗಂಟೆಯಿಂದ ಕಾಲು ಉಳಿಯಿತು. ಕಾಲಿನ ಯಜಮಾನ ಇವತ್ತಿಗೂ ಮಾರಿಕುಪ್ಪಂನಲ್ಲಿ ಆ ಕಾಲಿನ ಮೇಲೇ ಓಡಾಡುತ್ತಿದ್ದಾನೆ.

ಕೆಲಸ ಮೈಗೆ ಹತ್ತಿಬಿಟ್ಟಿತ್ತು. ಬಂಗಾರಪೇಟೆ ಬೀದಿಯಲ್ಲಿ ಯಾರೋ ಸೈಕಲ್ ಬೆಲ್ಲನ್ನು ಒಂದು ಸಲ ಒತ್ತಿದರೆ ಸಾಕು, ಎತ್ತಿದ ಹೆಜ್ಜೆ ಎತ್ತಿದಂತೆಯೇ ನಿಲ್ಲುತ್ತಿತ್ತು. ಪೂಜೆಯ ಹೊತ್ತಿನಲ್ಲೂ ಅದೇ ಕಥೆ. "ಒಂದೇ ಸಲ ಗಂಟೆ ಅಲ್ಲಾಡ್ಸಿದ್ರೆ ಈವಪ್ಪ ಮಂಗಳಾರತಿ ಕಡೆ ಕೈನೇ ಚಾಚಲ್ಲ" ಎಂದು ಹೆಂಡತಿ ಕನಕಮ್ಮ ನೆಂಟರ ಮುಂದೆಲ್ಲ ಹೇಳಿಕೊಂಡು ನಗುತ್ತಿದ್ದಳು. ಅವನೂ ನಗುತ್ತಿದ್ದ.

ನಗು ನಿಂತದ್ದು ಎಂಬತ್ತೊಂಬತ್ತರಿಂದ ಈಚೆಗೆ. ಕಲ್ಲಿನ ಧೂಳು ಎದೆಯಲ್ಲಿ ಮನೆ ಮಾಡಿತ್ತು. ಬೆಳಗಿನ ರೈಲು ಹಿಡಿಯಲು ಬಂಗಾರಪೇಟೆ ಸ್ಟೇಷನ್ನಿನ ಮೆಟ್ಟಿಲು ಹತ್ತುವಾಗ ಎರಡು ಕಡೆ ಕೂರಬೇಕಾಗುತ್ತಿತ್ತು. ಕೆಳಗಿನ ಕೆಲಸ ತಪ್ಪಿಸಿ ಮೇಲೆ, ಬೆಳಕಿನಲ್ಲಿ, ಗಣಿಗೆ ಇಳಿಯುವವರಿಗೆ ದೀಪ ಕೊಡುವ ಲ್ಯಾಂಪ್ ರೂಮಿಗೆ ಹಾಕಿಸಿಕೊಂಡರೆ ನಾಲ್ಕು ವರ್ಷ ಹೆಚ್ಚು ಬದುಕಿಯಾನು. ಅದಕ್ಕೆ ಎದೆಯ ಎಕ್ಸ್‌ರೇ ಬೇಕು, ಎಕ್ಸ್‌ರೇಗೆ ಗಣಿ ಆಸ್ಪತ್ರೆಯ ಡಾಕ್ಟರ ಚೀಟಿ ಬೇಕು. ಮುನಿಶಾಮಿ ಡಾಕ್ಟರ ಎದುರಿಗೇ ಕೆಮ್ಮಿದ.

"ನನ್ನೆದುರು ಬಂದೋರೆಲ್ಲ ಕೆಮ್ಮುತ್ತಾರಪ್ಪ" ಎಂದರು ಅವರು. "ಈ ಸಲ ಮಿಷನ್ ಬಂದಿದೆ. ಅದರ ಮುಂದೆ ಹೇಳು."

ಅದು ತೊಂಬತ್ತೊಂದನೇ ಇಸವಿ. ಬೆಂಗಳೂರಿನ ಕಾಲೇಜೊಂದರಿಂದ ಆದಿನಾರಾಯಣ ಎಂಬ ಸಂಶೋಧಕ ಕಂಪ್ಯೂಟರ್ ತಂದು ಆಸ್ಪತ್ರೆಯ ಒಂದು ಕೋಣೆಯಲ್ಲಿ ಇಟ್ಟಿದ್ದ. ಓದು ಬಾರದವನೂ ತನ್ನ ಕಾಯಿಲೆಯನ್ನು ಯಾರ ಮುಲಾಜಿಲ್ಲದೆ ಮಿಷನ್ನಿಗೆ ತಾನೇ ಹೇಳಬಲ್ಲನೇ ಎಂದು ನೋಡುವುದು ಅವನ ಉದ್ದೇಶ. ಒಳ್ಳೆಯ ಉದ್ದೇಶವೇ, ಯಾರು ಇಲ್ಲವೆಂದರು? ಕಿವಿಗೆ ಹಾಕಿಕೊಂಡ ಯಂತ್ರದಲ್ಲಿ ಟೇಪಿನ ದನಿ ಕನ್ನಡದಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಇಪ್ಪತ್ನಾಲ್ಕು ಪ್ರಶ್ನೆ ಕೇಳುತ್ತಿತ್ತು. ಹೌದಾದರೆ ಹಸಿರು ಗುಂಡಿ, ಅಲ್ಲವಾದರೆ ಕೆಂಪು. ಎಂಟು ಹೌದು ಬಂದರೆ ಎಕ್ಸ್‌ರೇ. ಆದರೆ ಪ್ರಶ್ನೆ ಮುಗಿದು "ಟಿಣ್" ಎಂದಮೇಲೆ, ಐದು ಸೆಕೆಂಡಿನೊಳಗೆ ಒತ್ತಬೇಕು. ಒತ್ತದಿದ್ದರೆ ಮಿಷನ್ನು ತಾನೇ "ಇಲ್ಲ" ಎಂದು ಬರೆದುಕೊಳ್ಳುತ್ತಿತ್ತು.

ರಾತ್ರಿ ಕೆಮ್ಮು ಬರುತ್ತದೆಯೇ? ಟಿಣ್. ಹಸಿರು ಗುಂಡಿಯ ಮೇಲಿದ್ದ ಮುನಿಶಾಮಿಯ ಕೈ ಸರಕ್ಕನೆ ಮೇಲೆದ್ದು ಗಾಳಿಯಲ್ಲಿ ನಿಂತಿತು. ಕಫದಲ್ಲಿ ರಕ್ತ ಕಂಡಿದೆಯೇ? ಟಿಣ್. ಕೈ ಮತ್ತೆ ಮೇಲೆ. ಕೊನೆಗೆ ಹೊರಬಂದ ಕಾಗದದಲ್ಲಿ ಇಪ್ಪತ್ನಾಲ್ಕು "ಇಲ್ಲ"ಗಳಿದ್ದವು. ಇಡೀ ಗಣಿಯಲ್ಲಿ ಅವನಷ್ಟು ಆರೋಗ್ಯವಂತ ಇನ್ನೊಬ್ಬನಿರಲಿಲ್ಲ.

ಕಾಗದ ಓದಿ ಹೇಳಿದ ಗುಮಾಸ್ತ ಕೋದಂಡಪ್ಪ ದನಿ ತಗ್ಗಿಸಿದ. "ಶನಿವಾರ ಬಾ ಮುನಿಶಾಮಣ್ಣ, ಇನ್ನೊಂದು ಕಿತ ಕೂರುಸ್ತೀನಿ. ಟಿಣ್ ಅಂದೇಟ್ಗೆ ಒತ್ತಬೇಕು, ತಿಳೀತಾ?"

"ತಿಳೀದೆ ಏನು. ಒತ್ತುತೀನಿ ಬುಡು."

ತಿಳಿದಿತ್ತು, ಅದೇ ಸಂಕಟ. ಶನಿವಾರ ಅವನು ಹಲ್ಲು ಕಚ್ಚಿ ಕುಳಿತ. ಗಂಟೆಯಾಯಿತು, ಕೈ ಎದ್ದಿತು. ಎಡಗೈಯಿಂದ ಬಲಗೈಯ ಮಣಿಕಟ್ಟು ಹಿಡಿದು ಕೆಳಕ್ಕೆ ತಳ್ಳಿದ. ಅದು ಗುಂಡಿ ಮುಟ್ಟುವಷ್ಟರಲ್ಲಿ ಮುಂದಿನ ಪ್ರಶ್ನೆ ಶುರುವಾಗಿರುತ್ತಿತ್ತು. ಬೆವರು ಗುಂಡಿಗಳ ಮೇಲೆ ತೊಟ್ಟಿಕ್ಕಿತು. ಸಾವಿರ ಜನರ ಜೀವ ಕಾಯಲು ಕಲಿತ ಕೈ, ತನ್ನದೊಂದು ಜೀವಕ್ಕೆ ಅಡ್ಡ ನಿಂತಿತ್ತು. ಇಂಥ ಅನ್ಯಾಯವನ್ನು ಯಾರ ಮೇಲೆ ಹಾಕುವುದು?

ಆದಿನಾರಾಯಣ ಪಕ್ಕದಲ್ಲೇ ನಿಂತು ನೋಡುತ್ತಿದ್ದ. "ಯಾಕ್ರೀ ಕೈ ತೆಗೀತೀರಿ?" ಎಂದು ಕೇಳಿದ.

"ಒಂದು ಗಂಟೆ ಆಯ್ತಲ್ಲ ಸಾಮಿ. ಯಾರಾರ ಸಿಕ್ಕಾಕೊಂಡಿದ್ರೆ?"

ಆದಿನಾರಾಯಣನ ಮುಖ ಅರಳಿತು. ತಪ್ಪು ಮುನಿಶಾಮಿಯದಲ್ಲ, ತನ್ನ ಮಿಷನ್ನಿನದು ಎಂದು ಅವನಿಗೆ ಹೊಳೆದಿತ್ತು. ನಿಂತಲ್ಲೇ ನಾಲ್ಕು ಪುಟ ಬರೆದುಕೊಂಡ, ಮುನಿಶಾಮಿಯ ಕೈಯನ್ನು ಎರಡೂ ಕೈಗಳಿಂದ ಕುಲುಕಿದ. ಅವನೇನು ಕೆಟ್ಟವನಲ್ಲ, ಮುನಿಶಾಮಿಗೆ ಇನ್ನೊಂದು ಅವಕಾಶ ಕೊಡಿ ಎಂದು ಡಾಕ್ಟರ ಬಳಿಗೂ ಓಡಿದ.

ಡಾಕ್ಟರು ಎರಡು ಕಾಗದಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟುಕೊಂಡರು. "ಎರಡು ದಿನ ಬೇರೆ ಬೇರೆಯಾಗಿ ಕೇಳಿದರೂ ಒಂದೇ ಉತ್ತರ. ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕೇ? ಒಬ್ಬರಿಗೆ ವರ್ಷಕ್ಕೆ ಒಂದೇ ಸಲ ಪರೀಕ್ಷೆ ಎಂಬ ನಿಯಮವನ್ನು ಆಗಲೇ ಒಮ್ಮೆ ಮುರಿದಿದ್ದೀರಿ."

ಮುಂದಿನ ವಾರ ಗಂಟೆ ಹೋಗಿ, ಅದರ ಜಾಗಕ್ಕೆ ಸಣ್ಣ ದೀಪ ಬಂತು. ಮುನಿಶಾಮಿಯ ಹಾಗೆಯೇ ಗಂಟೆ ಕೆಲಸದಲ್ಲಿದ್ದ ಆರು ಜನ ಸಲೀಸಾಗಿ ಗುಂಡಿ ಒತ್ತಿದರು. ಇಬ್ಬರಿಗೆ ಲ್ಯಾಂಪ್ ರೂಮೂ ಸಿಕ್ಕಿತು. ಮುನಿಶಾಮಿ ಅವರಿಬ್ಬರನ್ನು ಕೇಜಿನಲ್ಲಿ ಮೇಲಕ್ಕೆ ಕಳಿಸಿ ಕಟ್ಟೆಯ ಮೇಲೆ ಉಳಿದ. ಅವರ ಮೇಲೆ ಹೊಟ್ಟೆಕಿಚ್ಚು ಬಂದದ್ದಕ್ಕೆ ಅವನಿಗೇ ನಾಚಿಕೆಯಾಯಿತು.

ಅವತ್ತು ಸಂಜೆ ಕನಕಮ್ಮ ಬಿಸಿನೀರು ತಂದಿಟ್ಟು ಬಾಗಿಲ ಬಳಿ ಕುಳಿತಳು. "ಆಸ್ಪತ್ರೇಲಿ ಕೊನೇಗೆ ಏನಂದ್ರು?"

ಮುನಿಶಾಮಿ ಗೋಡೆಗೆ ಒರಗಿ ಉಸಿರು ಹತೋಟಿಗೆ ತಂದುಕೊಂಡ. "ನನ್ನಿಂದ ಮಿಷನ್ನು ಸರಿಹೋಯ್ತಂತೆ ಕಣೆ."

"ನಿಮ್ದು?"

"ನಂದು ಮುಂದಿನ ವರ್ಷಕ್ಕಂತೆ."