ಬೆಟ್ಟ ಹತ್ತುವ ಹೀರೋಗಳ ವೈರಿ

ಸಿನಿಮಾದ ಹೀರೋ ಹೆಂಡತಿ ಮಕ್ಕಳನ್ನು ಬಿಟ್ಟು ಹಿಮಾಲಯ ಹತ್ತಿದನೆಂದರೆ ಚಳ್ಳಕೆರೆಯ ಕಂಬಳಿ ವ್ಯಾಪಾರಿ ಮುರುಗೇಂದ್ರಪ್ಪನವರಿಗೆ ಪಿತ್ತ ನೆತ್ತಿಗೇರುತ್ತದೆ. ಬೋಳುತಲೆಯ ಗುರು "ಮನಸ್ಸು ಖಾಲಿ ಮಾಡು" ಎಂದೊಡನೆ, "ಖಾಲಿ ಮಾಡಾಕೆ ಅದ್ರಾಗೆ ಏನೈತಲೇ?" ಎಂದು ಟಾಕೀಸು ನಡುಗುವಂತೆ ಕೂಗುತ್ತಾರೆ, ಕೊಳಲು ಕೇಳಿಸಿದರೆ, "ಮನ್ಯಾಗೆ ಎಮ್ಮೆ ಹಿಂಡೋರ್ಯಾರು, ನಿಮ್ಮಪ್ಪನಾ?" ಎಂದು ಹೀರೋನನ್ನು ಗದರುತ್ತಾರೆ. "ಇಷ್ಟು ಸಿಟ್ಟಿದ್ರೆ ಯಾಕ್ರೀ ಬರ್ತೀರಿ?" ಎಂದು ಹೆಂಡತಿ ಜ್ಯೋತಿಲಕ್ಷ್ಮಿ ಗೊಣಗಿದರೂ ಇವರು ಅಂಥ ಒಂದು ಸಿನಿಮಾವನ್ನೂ ಬಿಟ್ಟವರಲ್ಲ, ಮೊಳಕಾಲ್ಮೂರಿಗೆ ಬಂದರೆ ಅಲ್ಲಿಗೂ ಬಸ್ಸು ಹತ್ತುತ್ತಾರೆ. ಗಂಗೆಯ ದಡದಲ್ಲಿ ನಿಜವಾದ ಸಾಧುಗಳ ಸಾಲು ತೆರೆಗೆ ಬಂದಾಗ ಮಾತ್ರ ಬಾಯಿ ಮುಚ್ಚಿ ಕನ್ನಡಕ ಒರೆಸಿಕೊಳ್ಳುತ್ತಾರೆ. ಇಪ್ಪತ್ತು ವರ್ಷದ ಹಿಂದೆ ಸನ್ಯಾಸಿಯಾಗುತ್ತೇನೆಂದು ಹೊರಟ ಅಣ್ಣ ಅಂಗಡಿಯಿಂದ ಹೊದ್ದು ಹೋದದ್ದು ಬಿಳಿ ಅಂಚಿನ ಒಂದು ಕರಿ ಕಂಬಳಿ. ಅಷ್ಟೊಂದು ಕಾವಿಯ ನಡುವೆ ಇವರ ಕಣ್ಣು ಅದನ್ನೇ ಹುಡುಕುತ್ತದೆ. ಸಾಲು ಮುಗಿದರೂ ಸಿಗದಿದ್ದರೆ ಬೈಗುಳ ಮೊದಲಿಗಿಂತ ಜೋರು.