ಸವೆಯದ ಗುಂಡಿ

ಕಳೆದ ವಾರ ನನ್ನ ಹೆಂಡತಿ ಕೀಬೋರ್ಡಿನ ಧೂಳು ಒರೆಸುತ್ತ ಒಂದು ಸಣ್ಣ ಸಂಶೋಧನೆ ಮಾಡಿದಳು. ತಾಳದ ವೇಗವನ್ನು ಏರಿಸುವುದಕ್ಕೆ ಪ್ಲಸ್, ಇಳಿಸುವುದಕ್ಕೆ ಮೈನಸ್ ಎಂದು ಅದರಲ್ಲಿ ಅಕ್ಕಪಕ್ಕ ಎರಡು ಗುಂಡಿಗಳಿವೆ. ಪ್ಲಸ್ ಗುರುತು ನನ್ನ ಬೆರಳಿಗೆ ಸಿಕ್ಕಿ ಎಂದೋ ಅಳಿಸಿಹೋಗಿದೆ, ಗುಂಡಿಯ ಅಂಚೂ ಸವೆದಿದೆ. ಮೈನಸ್ ಮಾತ್ರ, ವಿಶಾಖಪಟ್ಟಣದ ಉಪ್ಪುಗಾಳಿ ನಮ್ಮ ಟೌನ್‌ಶಿಪ್ಪಿನ ಕಿಟಕಿಯ ಸರಳು, ಬಾಗಿಲ ಚಿಲಕ, ನನ್ನ ಸ್ಕೂಟರು ಯಾವುದನ್ನೂ ಬಿಡದೆ ತಿಂದಿರುವಾಗಲೂ, ಅಂಗಡಿಯಿಂದ ತಂದ ದಿನದಂತೆಯೇ ಮಿರುಗುತ್ತಿದೆ. “ಇದೊಂದರೆ ಚಂದ ಇಟ್ಕೊಂಡೀರಿ ನೋಡ್ರಿ” ಎಂದಳು. ಬಹುಕಾಲದ ದಾಂಪತ್ಯದಲ್ಲಿ ಅಪರೂಪಕ್ಕೆ ಸಿಕ್ಕ ಈ ಪ್ರಶಸ್ತಿಯನ್ನು ಸುಮ್ಮನೆ ಸ್ವೀಕರಿಸಬಹುದಿತ್ತು; ನನ್ನಿಂದ ಆಗಲಿಲ್ಲ. ಏಕೆ ಆಗಲಿಲ್ಲವೆಂಬುದನ್ನು ಅವಳಿಗಿಂತ ಮೊದಲು ನಿಮಗೆ ಹೇಳುತ್ತಿದ್ದೇನೆ, ಏಕೆಂದರೆ ನೀವು ನನ್ನನ್ನು ದಿನವೂ ನೋಡಬೇಕಾಗಿಲ್ಲ.

ನಾನು ವೃತ್ತಿಯಿಂದ ಉಕ್ಕು ಮಾರುವವನು, ಪ್ರವೃತ್ತಿಯಿಂದ ಚರ್ಚಿನ ವಾದ್ಯಗಾರ. ಬೆಟಗೇರಿಯ ನೇಕಾರರ ಓಣಿಯಲ್ಲಿ ಅಪ್ಪನ ಮಗ್ಗದ ಸದ್ದು ಕೇಳುತ್ತ ಬೆಳೆದವನಾದ್ದರಿಂದ, ತಾಳವೆಂದರೆ ಒಂದು ಕ್ಷಣವೂ ತಪ್ಪಬಾರದ್ದು, ತಪ್ಪಿದರೆ ನೂಲು ಹರಿಯುವಂಥದ್ದು ಎಂದೇ ನಂಬಿದ್ದೆ. ಊರಿನ ಚರ್ಚಿನಲ್ಲಿ ಹದಿನಾಲ್ಕನೆಯ ವಯಸ್ಸಿಗೇ ಹಾರ್ಮೋನಿಯಂ ಮುಂದೆ ಕುಳಿತು, ನನ್ನ ಲಯಶುದ್ಧಿಯ ಬಗ್ಗೆ ನಾನೇ ನಾಲ್ಕು ಜನರಿಗೆ ಹೇಳಿಕೊಂಡು ತಿರುಗುತ್ತಿದ್ದೆ. ಲಯ ಎಂಬ ಶಬ್ದಕ್ಕೆ ನಾಶವೆಂಬ ಅರ್ಥವೂ ನಿಘಂಟಿನಲ್ಲಿದೆ. ಆ ಎರಡನೆಯ ಅರ್ಥದ ಕಡೆಗೆ ನಾನು ಕಣ್ಣು ಹಾಯಿಸಿರಲಿಲ್ಲ.

ಈ ಶತಮಾನ ಇನ್ನೂ ಕಣ್ಣುಜ್ಜಿಕೊಳ್ಳುತ್ತಿದ್ದ ಕಾಲದಲ್ಲಿ ಕಂಪನಿ ನನ್ನನ್ನು ವಿಜಯವಾಡದ ಮಾರಾಟ ಕಚೇರಿಗೆ ಹಾಕಿತು. ಪಟಮಟದಲ್ಲಿ ಬಾಡಿಗೆ ಮನೆ, ಗವರ್ನರ್‌ಪೇಟೆಯಲ್ಲಿ ಕಚೇರಿ, ನಡುವೆ ಸಿಟಿ ಬಸ್ಸು. ಮನೆಯ ಹತ್ತಿರದ ತೆಲುಗು ಚರ್ಚಿನಲ್ಲಿ ದಶಕಗಳ ಕಾಲ ಹಾರ್ಮೋನಿಯಂ ನುಡಿಸಿದ್ದ ಹಿರಿಯರೊಬ್ಬರು ತೀರಿಕೊಂಡು ಕೆಲವೇ ತಿಂಗಳಾಗಿದ್ದವು. ಪಾದ್ರಿಗಳನ್ನು ಅಲ್ಲಿ ಅಯ್ಯಗಾರು ಎನ್ನುತ್ತಾರೆ. ನನಗೆ ವಾದ್ಯ ಬರುತ್ತದೆಂದು ತಿಳಿದ ಕೂಡಲೇ ಆ ಅಯ್ಯಗಾರು, ಭಾಷೆ ಬರುತ್ತದೆಯೇ ಎಂದು ವಿಚಾರಿಸುವ ಗೋಜಿಗೆ ಹೋಗದೆ, ನನ್ನನ್ನು ಆ ಖಾಲಿ ಜಾಗದಲ್ಲಿ ಕೂರಿಸಿಬಿಟ್ಟರು. ಹಿರಿಯರ ಹಾರ್ಮೋನಿಯಂ ಅವರ ಸ್ವಂತದ್ದಾಗಿದ್ದರಿಂದ ಮನೆಗೆ ಹೋಗಿತ್ತು. ನಾನು ಗವರ್ನರ್‌ಪೇಟೆಯ ಅಂಗಡಿಯಿಂದ ಈ ಕೀಬೋರ್ಡನ್ನು ಹೊತ್ತು ತಂದು, ತೆಲುಗು ಹಾಡುಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಸನ್ನದ್ಧನಾದೆ. ಹಾರ್ಮೋನಿಯಂಗೆ ತಿದಿಯಿದೆ, ಅದೂ ನಮ್ಮ ಹಾಗೆ ಉಸಿರಾಡುತ್ತದೆ, ಹಾಡುವವರು ತಡೆದರೆ ತಾನೂ ತಡೆಯುತ್ತದೆ. ಕೀಬೋರ್ಡಿನೊಳಗೆ ಕುಳಿತ ತಬಲಾದವನಿಗೆ ಒಮ್ಮೆ ವೇಗ ಹೇಳಿಕೊಟ್ಟರೆ ಮುಗಿಯಿತು, ಸ್ವತಃ ಅಯ್ಯಗಾರು ಬಂದು ಬೇಡಿಕೊಂಡರೂ ಅವನು ನಿಲ್ಲುವವನಲ್ಲ.

ಹೆಂಗಸರ ಸಾಲಿನ ಮುಂದೆ ಕುಳಿತು ಹಾಡನ್ನು ಎತ್ತಿಕೊಡುತ್ತಿದ್ದವರು ಆ ತೀರಿಕೊಂಡ ಹಿರಿಯರ ಹೆಂಡತಿ, ಸುಗುಣಮ್ಮಗಾರು. ಪ್ರತಿ ಸಾಲಿನ ಕೊನೆಯ ಅಕ್ಷರವನ್ನು ಅವರು ಎಳೆದು, ಬಳುಕಿಸಿ, ಮೆಲ್ಲಗೆ ಕೆಳಗಿಳಿಸಿ, ಆಮೇಲೆ ಉಸಿರು ತೆಗೆದುಕೊಳ್ಳುವರು; ಅಷ್ಟು ಹೊತ್ತೂ ಸಭೆಯೆಲ್ಲ ಕಾಯುವುದು. ಗಂಡ ಹೆಂಡತಿ ಸೇರಿ ಆ ಜನಕ್ಕೆ ಹಾಗೆ ಕಾಯುವುದನ್ನು ಕಲಿಸಿದ್ದರು. ನನ್ನ ಕಿವಿಗೋ ಅದು ಹರಿದ ನೂಲು. ತೆಲುಗಿನಲ್ಲಿ ಹಾಡಿಗೆ ಪಾಟ ಎನ್ನುತ್ತಾರೆ. ನಾನು ಅದನ್ನು ಮಹಾಪ್ರಾಣ ಮಾಡಿ ಪಾಠ ಹೇಳಲು ಹೊರಟೆ. ಎದುರಿಗೆ ಎಪ್ಪತ್ತು ಸಮೀಪಿಸಿದ ಒಂದು ಅಲ್ಪಪ್ರಾಣ ಕುಳಿತಿದೆಯೆಂಬುದು ವ್ಯಾಕರಣ ಬಲ್ಲ ನನಗೆ ಹೊಳೆಯಲಿಲ್ಲ.

ಎರಡನೆಯದೋ ಮೂರನೆಯದೋ ಭಾನುವಾರ ಆರಾಧನೆ ಮುಗಿದ ಮೇಲೆ ಸುಗುಣಮ್ಮಗಾರು ಹತ್ತಿರ ಬಂದು, “ಕೊಂಚೆಂ ನೆಮ್ಮದಿಗಾ ವಾಯಿಂಚು ನಾಯನಾ” ಎಂದರು. ವಾಯಿಂಚು ಎಂದರೆ ನುಡಿಸು ಎಂದು ಆ ಹೊತ್ತಿಗೆ ನನಗೆ ಗೊತ್ತಿತ್ತು. ನೆಮ್ಮದಿಯ ಅರ್ಥವನ್ನು ಕನ್ನಡಿಗನಿಗೆ ಯಾರಾದರೂ ಹೇಳಿಕೊಡಬೇಕೆ? ಹೊಸಬನೆಂಬ ಅಳುಕಿಲ್ಲದೆ ನೆಮ್ಮದಿಯಾಗಿ ನುಡಿಸಪ್ಪ ಎಂದು ಹಿರಿಯ ಜೀವ ಹರಸುತ್ತಿದೆಯೆಂದುಕೊಂಡು ಕೈಮುಗಿದೆ. ಮನೆಗೆ ಬಂದು ಹೆಂಡತಿಯೆದುರು ಆ ಆಶೀರ್ವಾದವನ್ನು ಎರಡು ಸಲ ಹೇಳಿಕೊಂಡೆ. ಮುಂದಿನ ವಾರವೂ ಅವರು ಹಾಗೇ ಹರಸಿದರು. ನಾನು ಉತ್ಸಾಹದಿಂದ ಪ್ಲಸ್ ಗುಂಡಿಯನ್ನು ಇನ್ನೆರಡು ಸಲ ಒತ್ತಿದೆ.

ನನ್ನ ಕಣ್ಣು ತೆರೆಸಿದವನು ಒಬ್ಬ ಬಸ್ ಕಂಡಕ್ಟರು. ಪಟಮಟದ ಸ್ಟಾಪಿನಲ್ಲಿ ಊರುಗೋಲಿನ ಮುದುಕರೊಬ್ಬರು ಇಳಿಯುತ್ತಿದ್ದಾಗ ಅವನು “ನೆಮ್ಮದಿಗಾ ದಿಗಂಡಿ” ಎಂದ. ಬಸ್ಸಿಳಿಯುವವರಿಗೂ ಮನಶ್ಶಾಂತಿ ಹಾರೈಸುವ ಈ ಊರಿನ ಅಧ್ಯಾತ್ಮಕ್ಕೆ ನಾನು ತಲೆದೂಗುತ್ತಿದ್ದಂತೆಯೇ, ಮುದುಕರ ಎರಡೂ ಕಾಲು ನೆಲಕ್ಕೆ ತಾಗುವವರೆಗೆ ಡ್ರೈವರು ಬಸ್ಸನ್ನು ಕದಲಿಸದೆ ನಿಲ್ಲಿಸಿಕೊಂಡಿದ್ದುದು ಕಂಡಿತು. ಪಕ್ಕದವರನ್ನು ಕೇಳಿದೆ. ನೆಮ್ಮದಿಗಾ ಎಂದರೆ ನಿಧಾನವಾಗಿ.

ಇಲ್ಲಿಯವರೆಗಿನದು ನಗುವ ವಿಷಯ. ಎಷ್ಟೋ ಕೂಟಗಳಲ್ಲಿ ಇದನ್ನು ಹೇಳಿ ನಗಿಸಿದ್ದೇನೆ, ಬಸ್ಸಿಗೆ ಬಂದು ಕಥೆ ನಿಲ್ಲಿಸಿದ್ದೇನೆ. ನಿಲ್ಲಿಸಿದ ಜಾಗದಿಂದ ಮುಂದಿನದು ಹೀಗಿದೆ. ಅರ್ಥ ತಿಳಿದ ಮೇಲೆಯೂ ನಾನು ನಿಧಾನಿಸಲಿಲ್ಲ. ಹಾಡುಗಳು ಚುರುಕಾದವೆಂದು ಹುಡುಗರು ಮೆಚ್ಚಿದ್ದರು, ಆರಾಧನೆ ಹೊತ್ತಿಗೆ ಸರಿಯಾಗಿ ಮುಗಿಯುತ್ತದೆಂದು ಅಯ್ಯಗಾರು ಮೆಚ್ಚಿದ್ದರು, ಎಲ್ಲರಿಗಿಂತ ಹೆಚ್ಚಾಗಿ ನಾನು ನನ್ನನ್ನು ಮೆಚ್ಚಿದ್ದೆ. ಸುಗುಣಮ್ಮಗಾರು ಬಂದು ಅದೇ ಮಾತು ಹೇಳಿದಾಗಲೆಲ್ಲ, ಭಾಷೆ ಬಾರದ ಪರದೇಶಿಯ ಮುಖ ಮಾಡಿಕೊಂಡು, ಮೊದಲಿನಂತೆಯೇ ಕೈಮುಗಿದೆ. ಅಜ್ಞಾನ ಇಷ್ಟು ಅನುಕೂಲದ್ದೆಂದು ಅಲ್ಲಿಯವರೆಗೆ ನನಗೆ ಗೊತ್ತಿರಲಿಲ್ಲ.

ಅವರ ಗಂಡ ತೀರಿಕೊಂಡು ವರ್ಷ ತುಂಬಿದ ಭಾನುವಾರ ಜ್ಞಾಪಕಾರ್ಥ ಆರಾಧನೆಯಿತ್ತು. ಗಂಡನಿಗೆ ಪ್ರಿಯವಾಗಿದ್ದ ಒಂದು ಹಾಡನ್ನು ತಾವೇ ಎತ್ತಿಕೊಟ್ಟು ಕೊನೆಯವರೆಗೆ ಹಾಡಬೇಕೆಂಬುದು ಅವರ ಆಸೆ. ಹಿಂದಿನ ದಿನ ಅಭ್ಯಾಸಕ್ಕೆ ಬಂದವರು ಈ ಸಲ ಮಾತನ್ನು ನೆಚ್ಚದೆ, ಎರಡೂ ಅಂಗೈಗಳನ್ನು ಗಾಳಿಯಲ್ಲಿ ಮೆಲ್ಲಗೆ ಕೆಳಗಿಳಿಸಿ ತೋರಿಸಿದರು. ಯಾವ ಭಾಷೆಯವನಿಗೂ ತಿಳಿಯುವ ಸನ್ನೆ. “ಸರೇನಮ್ಮಾ” ಎಂದೆ. ಮರುದಿನ ಚರ್ಚು ತುಂಬಿತ್ತು, ಹೊರಗೂ ಜನ ನಿಂತಿದ್ದರು. ಅಷ್ಟು ಜನರೆದುರು ಎಳೆದಾಡುವ ಹಾಡು ನುಡಿಸಿ ನನ್ನ ಹೆಸರು ಕೆಡಿಸಿಕೊಳ್ಳಲು ಮನಸ್ಸಾಗಲಿಲ್ಲ. ವೇಗವನ್ನು ನೂರಾಹತ್ತಕ್ಕೆ ಏರಿಸಿದೆ. ಹುಡುಗರು ಚಪ್ಪಾಳೆ ಹಿಡಿದರು. ಮೊದಲ ಚರಣ ಮುಗಿಯುವಷ್ಟರಲ್ಲಿ ಸುಗುಣಮ್ಮಗಾರು ಅರ್ಧ ಸಾಲು ಹಿಂದೆ ಬಿದ್ದಿದ್ದರು. ಎರಡನೆಯ ಚರಣದಲ್ಲಿ ಒಂದು ಕಡೆ ಸೇರಿಕೊಳ್ಳಲು ಪ್ರಯತ್ನಪಟ್ಟು, ಆಗದೆ, ಪುಸ್ತಕ ಮುಚ್ಚಿ ಎದೆಗೆ ಹಿಡಿದು ಸುಮ್ಮನೆ ನಿಂತರು. ನಾನು ನೋಡಿದೆ. ಮೈನಸ್ ಗುಂಡಿ ನನ್ನ ಎಡಗೈಯ ಪಕ್ಕದಲ್ಲೇ ಇತ್ತು.

ಮುಗಿದ ಮೇಲೆ ಅವರು ಎಂದಿನಂತೆ ಬಂದರು. “ಬಾಗುಂದಿ ನಾಯನಾ,” ಚೆನ್ನಾಗಿತ್ತಪ್ಪ, ಎಂದಷ್ಟೇ ಹೇಳಿ ಹೋದರು. ಮುಂದಿನ ಭಾನುವಾರದಿಂದ ಹಿಂದಿನ ಸಾಲಿನಲ್ಲಿ ಗೋಡೆಗೊರಗಿ ಕೂರತೊಡಗಿದರು. ಹಾಡನ್ನು ಎತ್ತಿಕೊಡುವ ಕೆಲಸವನ್ನು ಕೀಬೋರ್ಡೇ ವಹಿಸಿಕೊಂಡಿತು. ಬಯ್ದಿದ್ದರೆ ಜಗಳವಾಡಿ ಮರೆಯುತ್ತಿದ್ದೆನೇನೋ. ಅಷ್ಟರಲ್ಲಿ ನನಗೆ ವಿಶಾಖಪಟ್ಟಣಕ್ಕೆ ವರ್ಗವಾಯಿತು. ಕೀಬೋರ್ಡನ್ನು ಸೀರೆಗಳಲ್ಲಿ ಸುತ್ತಿ ತಂದು ಇಲ್ಲಿನ ಚರ್ಚಿನಲ್ಲೂ ಅದೇ ಲಯಶುದ್ಧಿಯನ್ನು ಪ್ರತಿಷ್ಠಾಪಿಸಿದೆ.

ಹೋದ ತಿಂಗಳು ಕಚೇರಿಯ ಕೆಲಸಕ್ಕೆ ವಿಜಯವಾಡಕ್ಕೆ ಹೋದಾಗ ಒಂದು ಮಧ್ಯಾಹ್ನ ಬಿಡುವಾಯಿತು. ಪಟಮಟದಲ್ಲಿ ಸುಗುಣಮ್ಮಗಾರ ಮನೆಗೆ ಹೋದೆ. ಅವರು ಕೃಶರಾಗಿದ್ದರು, ಚರ್ಚಿಗೆ ಹೋಗುವುದು ನಿಂತು ಎರಡು ವರ್ಷವಾಗಿತ್ತಂತೆ; ಆದರೆ ಗುರುತು ಹಿಡಿದರು, ಮಜ್ಜಿಗೆ ಕೊಡಿಸಿದರು. ಕ್ಷಮೆ ಕೇಳಬೇಕೆಂದು ಬಂದವನು ಹವಾಮಾನ, ಮಂಡಿನೋವು, ಮೊಮ್ಮಕ್ಕಳ ಓದು ಎಂದು ಸುತ್ತಿ ಸುತ್ತಿ, ಕೊನೆಗೆ ಮೂಲೆಯಲ್ಲಿದ್ದ ಅವರ ಯಜಮಾನರ ಹಾರ್ಮೋನಿಯಂ ಕಂಡು, ನುಡಿಸಲೇ ಎಂದು ಕೇಳಿದೆ. ತಿದಿಯ ಚರ್ಮ ಬಿರುಸಾಗಿತ್ತು. ಅದೇ ಹಾಡನ್ನು ತೆಗೆದೆ. ಜನ್ಮದಲ್ಲಿ ಅಷ್ಟು ನಿಧಾನವಾಗಿ ನಾನು ಏನನ್ನೂ ನುಡಿಸಿರಲಿಲ್ಲ. ಪ್ರತಿ ಸಾಲಿನ ಕೊನೆಗೆ ಎಷ್ಟು ಹೊತ್ತು ಬೇಕಾದರೂ ಕಾಯುವ ಸಂಕಲ್ಪ ಮಾಡಿದ್ದೆ. ಅವರು ಮೊದಲ ಸಾಲನ್ನು ಎತ್ತಿಕೊಂಡರು, ಅರ್ಧದಲ್ಲೇ ನಿಲ್ಲಿಸಿ ಎದೆ ಹಿಡಿದುಕೊಂಡರು.

“ಕೊಂಚೆಂ ತ್ವರಗಾ ವಾಯಿಂಚು ನಾಯನಾ,” ಎಂದರು. “ಅಂತ ಊಪಿರಿ ಇಪ್ಪುಡು ಲೇದು.”

ಸ್ವಲ್ಪ ಬೇಗ ನುಡಿಸಪ್ಪ, ಅಷ್ಟು ಉಸಿರು ಈಗಿಲ್ಲ. ನಿಧಾನದ ಹಾಡಿಗೆ ಹೆಚ್ಚು ಉಸಿರು ಬೇಕೆಂಬುದು ಯಾವ ಹಾಡುಗಾರನಿಗೂ ಗೊತ್ತಿರುವ ಮಾತು. ನಾನು ಮಾತ್ರ ನಿಧಾನವನ್ನು ಎಂದು ತಂದುಕೊಟ್ಟರೂ ಸಲ್ಲುತ್ತದೆಂದು ತಿಳಿದಿದ್ದೆ. ವೇಗ ಹೆಚ್ಚಿಸಿದೆ. ಅವರು ಒಂದು ಚರಣವನ್ನು ತುಂಡುತುಂಡಾಗಿ, ಎಲ್ಲಿಯೂ ಎಳೆಯದೆ ಬಳುಕಿಸದೆ, ಅಕ್ಷರ ಮುಗಿದ ಕೂಡಲೇ ಬಿಟ್ಟು ಹಾಡಿ ಮುಗಿಸಿದರು. ತಾಳ ಎಲ್ಲಿಯೂ ತಪ್ಪಲಿಲ್ಲ. ನಾನು ಅಂದು ಬಯಸಿದ್ದ ಹಾಗೆಯೇ ಹಾಡಿದ್ದರು, ನನಗೆ ಅಳು ಬಂತು. ಅವರು ನನ್ನನ್ನು ಸಮಾಧಾನ ಮಾಡಿದರು.

ನಾಲ್ಕು ಭಾನುವಾರಗಳಿಂದ ಇಲ್ಲಿನ ಚರ್ಚಿನಲ್ಲಿ ಹಾಡು ಶುರುಮಾಡುವ ಮುನ್ನ ವಯಸ್ಸಾದವರ ಸಾಲನ್ನೊಮ್ಮೆ ನೋಡಿ ಮೈನಸ್ ಗುಂಡಿ ಒತ್ತುತ್ತಿದ್ದೇನೆ. ನಾಲ್ಕು ಭಾನುವಾರಕ್ಕೆ ಏನು ಸವೆದೀತು? ಹೆಂಡತಿ ಒರೆಸಿ ಹೋದ ಮೇಲೆ ಅದು ಇನ್ನಷ್ಟು ಹೊಸದಾಗಿ ಕಾಣುತ್ತಿದೆ. ನಿಧಾನಿಸೆಂದು ಕೇಳಿದ್ದವರು ಒಬ್ಬರೇ, ಅವರಿಗಾಗಿ ನಾನು ಅದನ್ನು ಒಂದು ಸಲವೂ ಒತ್ತಲಿಲ್ಲ.