ಆವರಣದೊಳಗೆ ಕೂತವರಿಗೆಲ್ಲ

ನನಗಾಗ ಐವತ್ತು ವರ್ಷ. ಹನ್ನೆರಡು ವರ್ಷದ ಹಿಂದಿನ ಮಾತು. ಯಲಬುರ್ಗಾ ತಾಲೂಕಿನಲ್ಲಿ, ಬೇವೂರಿನ ಹತ್ತಿರದ ಸರ್ಕಾರಿ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳಾಗಿದ್ದೆ. ನನ್ನ ಓದು ಸಹಿ ಮಾಡುವಷ್ಟು, ಬಸ್ಸಿನ ಬೋರ್ಡು ಕೂಡಿಸಿಕೊಂಡು ಓದುವಷ್ಟು.

ನಮ್ಮ ಓಣಿಯ ರೇಣವ್ವ ಏಳನೇ ತರಗತಿಯಲ್ಲಿದ್ದಳು. ಗಣಿತದಲ್ಲಿ ಮತ್ತೆ ಮತ್ತೆ ಫೇಲು. "ತಲ್ಯಾಗ ಹೋಗಂಗಿಲ್ಲಂದ್ರ ಸಾಲಿ ಯಾಕ? ನಾಳಿಂದ ಸೀಡ್ಸ್ ಪ್ಲಾಟಿಗೆ ಹೋಗ್ಲಿ" ಎಂದು ಅವಳಪ್ಪ ಹನುಮಪ್ಪ ಹೇಳಿಬಿಟ್ಟಿದ್ದ. ಬೀಜಕ್ಕಾಗಿ ಬೆಳೆಯುವ ಹೊಲದಲ್ಲಿ ಹೂವಿಗೆ ಹೂವು ಮುಟ್ಟಿಸುವ ಕೂಲಿ ಅದು. ಹುಡುಗಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಅಳುತ್ತಿದ್ದಳು.

ಗಣಿತದ ಮೇಡಂ ಅಲ್ಲಿಗೇ ಬಂದರು. ಅವಳ ತಪ್ಪನ್ನು ನನಗೂ ಬಿಡಿಸಿ ಹೇಳಿದರು. ಆವರಣದೊಳಗೆ ನಾಲ್ಕು ಕೂಡಿಸು ಮೂರು ಇದ್ದು, ಹೊರಗೆ ಐದು ಇದ್ದರೆ, ಆ ಐದು ಒಳಗಿನ ಎರಡಕ್ಕೂ ಸಲ್ಲಬೇಕು. ಇದೇ ವಿಭಾಜಕ ನಿಯಮ. ರೇಣವ್ವ ನಾಲ್ಕನ್ನು ಮಾತ್ರ ಗುಣಿಸಿ, ಮೂರನ್ನು ಹಾಗೇ ಕೂಡಿಸಿ, ಇಪ್ಪತ್ಮೂರು ಎಂದು ಬರೆಯುತ್ತಿದ್ದಳು.

"ಅಕ್ಕಾರ, ಇವತ್ತು ಸಾಂಬಾರ ಇಕಿ ಬಡಸ್ಲಿ" ಎಂದರು ಮೇಡಂ.

"ಬಡಸ್ಲಿ ಬಿಡ್ರಿ. ಏ ರೇಣಿ, ಪಂಕ್ತ್ಯಾಗ ಒಬ್ಬರನ್ನ ಬಿಟ್ಟೀ ಅಂದ್ರ ಸೌಟಿಲೆ ಬಡಿತೀನಿ ನೋಡು" ಎಂದೆ. ಕೊನೆಯ ತಟ್ಟೆಗೆ ಬೀಳುವ ತನಕ ಯಾರೂ ಅನ್ನಕ್ಕೆ ಕೈ ಹಚ್ಚಬಾರದು. ಅದು ನನ್ನ ಕಟ್ಟಳೆ.

ರೇಣವ್ವ ಮೊದಲಿನವಳಿಗೆ ಹಾಕಿ ಎರಡನೆಯವಳತ್ತ ಬಗ್ಗಿದಳು. ಮೇಡಂ ಸೌಟು ಹಿಡಿದರು.

"ಮೊದಲ್ನೇಕಿಗೆ ಹಾಕಿದೆಲ್ಲ, ಸಾಕು. ಮುಂದ ನಡಿ."

"ಅದ್ಹೆಂಗ್ರಿ ಮೇಡಂ? ಆಕೀನೂ ಪಂಕ್ತ್ಯಾಗ ಕುಂತಾಳಲ್ರಿ!"

"ಮತ್ತ ನಿನ್ನ ಮೂರು ಎಲ್ಲಿ ಕುಂತಿತ್ತು?"

ಹುಡುಗಿ ಬಕೀಟು ಇಳಿಸಿ, ಒಲೆಯ ಇದ್ದಿಲು ತಂದು ಕಟ್ಟೆಯ ಮೇಲೆ ಬರೆದಳು: ಐದು ನಾಲ್ಕಲೆ ಇಪ್ಪತ್ತು, ಐದು ಮೂರಲೆ ಹದಿನೈದು, ಕೂಡಿದರೆ ಮೂವತ್ತೈದು.

"ನಾಲ್ಕು ಮೂರು ಕೂಡಿ ಏಳು. ಐದೇಳಲೆ?" ಎಂದರು ಮೇಡಂ.

"ಮೂವತ್ತೈದ ಬಂತ್ರಿ!"

"ಯವ್ವಾ, ಲೆಕ್ಕ ಆಮ್ಯಾಲೆ ಮಾಡು, ಸಾಂಬಾರ ಆರಾಕತ್ತೈತಿ!" ಎಂದು ಹಿಂದಿನವರು ಕೂಗಿದರು.

ಊಟವಾದ ಮೇಲೆ ಮೇಡಂ ಕೊಟ್ಟ ಲೆಕ್ಕಗಳೆಲ್ಲ ಸರಿಬಂದವು. ದಡ್ಡಿ ಎಂದು ಕೈ ತೊಳೆದುಕೊಳ್ಳಬಹುದಿತ್ತು ಆ ಮೇಡಂ. ಹಾಗೆ ಮಾಡದೆ, ಹುಡುಗಿಯ ಕೈಗೆ ಮೊದಲೇ ಗೊತ್ತಿದ್ದದ್ದನ್ನು ತಲೆಗೆ ಮುಟ್ಟಿಸಿದರು. ಒಳಗೆ ಕೂತವರಿಗೆಲ್ಲ ಮುಟ್ಟಿದರೇ ಅದು ಬಡಿಸಿದ್ದು. ಕೆಲಸ ನನಗೆ ಕಲಿಸಿದ್ದು ಅಷ್ಟು. ಗಣಿತವೂ ಅದೇ ಎಂದು ತೋರಿಸಿದ ಅವರ ಉಪಕಾರ ನಾನು ಮರೆತಿಲ್ಲ.

ಮರುದಿನ ಬೆಳಿಗ್ಗೆ, ಕೂಲಿಯವರನ್ನು ಒಯ್ಯುವ ಟಂಟಂ ಗಾಡಿ ಬರುವ ಮೊದಲೇ ಹನುಮಪ್ಪನ ಮನೆಗೆ ಹೋದೆ. "ನಿನ್ನ ಮಗಳಿಗೆ ಲೆಕ್ಕ ಬಂತು. ಪ್ಲಾಟಿಗೆ ನೀನು ಹೋಗು" ಎಂದೆ. ಅವನು ಬಾಯಿ ತೆರೆಯುವಷ್ಟರಲ್ಲಿ ರೇಣವ್ವನ ಪಾಟಿಚೀಲ ನನ್ನ ಹೆಗಲಿಗೆ ಹಾಕಿಕೊಂಡು, ಅವಳನ್ನು ಶಾಲೆಗೆ ಕರೆದುಕೊಂಡು ಹೋದೆ.